ಎಂಟು ವರ್ಷ ಬಾರ್ನಕಲ್ ಕೊಯ್ದ ಡಾರ್ವಿನ್: ಕಡಲಿನ ನುಸುಳುಕೋರರ ಗುರುತು ಸಿಕ್ಕ ಕಥೆ

ಕಡಲಾಮೆಯೊಂದನ್ನು ಹಿಡಿದು, ಅದರ ಚಿಪ್ಪಿಗೆ ಅಂಟಿದ ಬಿಳಿ ಗುಬುಟುಗಳನ್ನು ಚಾಕುವಿನಿಂದ ಎಬ್ಬಿಸಿ ತೆಗೆಯುವ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಇವು ಆಮೆಯ ರಕ್ತ ಹೀರುವ ಹುಳುಗಳು, ನೋಡಿ ಹೇಗೆ ಕಾಪಾಡಿದರು ಎಂಬ ಒಕ್ಕಣೆಯೂ ಜೊತೆಗಿರುತ್ತದೆ. ಫಾರ್ವರ್ಡ್ ಮಾಡುವ ಮೊದಲು ಎರಡು ಮಾತು. ಅವು ಹುಳುಗಳಲ್ಲ, ರಕ್ತ ಹೀರುವುದೂ ಇಲ್ಲ. ಅವುಗಳ ಹೆಸರು ಬಾರ್ನಕಲ್. ಆಮೆಯ ಬೆನ್ನು ಅವಕ್ಕೆ ಓಡಾಡುವ ಬಂಡೆಯಿದ್ದಂತೆ. ಅಲ್ಲಿ ಅಂಟಿಕೊಂಡು, ನೀರಿನಲ್ಲಿ ತೇಲಿಬರುವ ಸಣ್ಣಪುಟ್ಟ ಜೀವಿಗಳನ್ನು ತಿಂದುಕೊಂಡಿರುತ್ತವೆ. ಆಮೆಯ ಮೈತುಂಬ ಮುತ್ತಿಕೊಂಡಿದ್ದರೆ, ಅದಕ್ಕೆ ಮೊದಲೇ ಹುಷಾರಿಲ್ಲದೆ ಈಜು ನಿಧಾನವಾಗಿರುವ ಸಾಧ್ಯತೆ ಹೆಚ್ಚು. ಬಲವಂತವಾಗಿ ಕಿತ್ತರೆ ಚಿಪ್ಪಿಗೇ ಗಾಯವಾಗುತ್ತದೆ. ಆ ಕೆಲಸವನ್ನು ಗೊತ್ತಿರುವ ಪಶುವೈದ್ಯರಿಗೆ ಬಿಡಬೇಕು.

ಇನ್ನೊಂದು ಫಾರ್ವರ್ಡ್ ಇದಕ್ಕಿಂತ ಹಳೆಯದು. ಚಾರ್ಲ್ಸ್ ಡಾರ್ವಿನ್ ಎಂಬ ಇಂಗ್ಲಿಷ್ ಸಾಹೇಬ ಮನೆಯಲ್ಲಿ ಆರಾಮಕುರ್ಚಿಯ ಮೇಲೆ ಕೂತು, ಮನುಷ್ಯ ಕೋತಿಯಿಂದ ಬಂದ ಎಂದು ಊಹೆ ಮಾಡಿದ, ಸಾಯುವಾಗ ತಪ್ಪಾಯಿತು ಎಂದು ಒಪ್ಪಿಕೊಂಡ ಅನ್ನುವುದು. ಇದರ ಎರಡೂ ಭಾಗ ಸುಳ್ಳು.

ಆಮೆಗೂ ಈ ಸಾಹೇಬರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಡಾರ್ವಿನ್ ತಮ್ಮ ಬದುಕಿನ ಎಂಟು ವರ್ಷಗಳನ್ನು ಕೊಟ್ಟದ್ದು ಆ ಬಿಳಿ ಗುಬುಟುಗಳಿಗೆ. ಆಗ ಅದು ಹುಚ್ಚು ಕೆಲಸದಂತೆ ಕಂಡಿತ್ತು. ನೂರು ವರ್ಷಗಳ ನಂತರ, ಒಂದು ದೇಶದ ಕರಾವಳಿಗೆ ಯಾರೂ ಕರೆಯದ ಅತಿಥಿ ಬಂದು ಬಂಡೆಗಳನ್ನೆಲ್ಲ ಆಕ್ರಮಿಸಿಕೊಂಡಾಗ, ಅದು ಯಾರು, ಎಲ್ಲಿಂದ ಬಂದದ್ದು ಎಂದು ಹೇಳಲು ನೆರವಾದದ್ದು ಅದೇ ಕೆಲಸ. ಈ ಬಾರಿ ನಾವು ಆ ಕಥೆಯನ್ನು ಹೇಳುತ್ತೇವೆ.

ಹಡಗು ಹತ್ತಿದ ಹುಡುಗ

ಡಾರ್ವಿನ್ ಹುಟ್ಟಿದ್ದು 1809ರ ಫೆಬ್ರವರಿ 12ರಂದು, ಇಂಗ್ಲೆಂಡಿನ ಶ್ರೂಸ್‌ಬರಿ ಎಂಬ ಊರಿನಲ್ಲಿ. ತಂದೆ ಹೆಸರುವಾಸಿ ವೈದ್ಯರು. ಎಂಟು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಮಗನೂ ವೈದ್ಯನಾಗಲಿ ಎಂದು ತಂದೆ 1825ರಲ್ಲಿ ಎಡಿನ್‌ಬರೋಗೆ ಕಳಿಸಿದರು. ಅರಿವಳಿಕೆ ಇಲ್ಲದ ಕಾಲದ ಶಸ್ತ್ರಚಿಕಿತ್ಸೆಯನ್ನು ನೋಡಲಾಗದೆ ಹುಡುಗ ಓಡಿಬಂದ. ಆದರೆ ಅಲ್ಲಿ ಅವನಿಗೆ ಬೇರೊಂದು ರುಚಿ ಹತ್ತಿತ್ತು. ರಾಬರ್ಟ್ ಗ್ರಾಂಟ್ ಎಂಬ ಪ್ರಾಣಿತಜ್ಞರ ಜೊತೆ ಸಮುದ್ರದಂಡೆಯಲ್ಲಿ ಅಲೆದು, ಇಳಿತದ ಹೊತ್ತಿಗೆ ಬಂಡೆಗಳ ನಡುವೆ ಉಳಿದ ಸಣ್ಣ ಜೀವಿಗಳನ್ನು ಹೆಕ್ಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ರುಚಿ. 18ನೇ ವಯಸ್ಸಿಗೇ ವಿದ್ಯಾರ್ಥಿಗಳ ಸಂಘವೊಂದರಲ್ಲಿ ಈ ಬಗ್ಗೆ ಪುಟ್ಟ ಭಾಷಣವನ್ನೂ ಮಾಡಿದ್ದ.

ವೈದ್ಯನಾಗದಿದ್ದರೆ ಪಾದ್ರಿಯಾದರೂ ಆಗಲಿ ಎಂದು ತಂದೆ ಕೇಂಬ್ರಿಜ್‌ಗೆ ಸೇರಿಸಿದರು. ಅಲ್ಲಿ ಓದಿಗಿಂತ ಜೀರುಂಡೆ ಹಿಡಿದದ್ದೇ ಹೆಚ್ಚು. ಪದವಿ ಮುಗಿಯುವ ಹೊತ್ತಿಗೆ ಬೀಗಲ್ ಎಂಬ ಸಮೀಕ್ಷಾ ಹಡಗಿನಲ್ಲಿ ಹೋಗುವ ಅವಕಾಶ ಬಂತು. 1831ರ ಡಿಸೆಂಬರ್ 27ರಂದು ಪ್ಲಿಮತ್‌ನಿಂದ ಹೊರಟ ಹಡಗು ವಾಪಸು ಬಂದದ್ದು 1836ರ ಅಕ್ಟೋಬರ್ 2ರಂದು. ಐದು ವರ್ಷವೂ ಡಾರ್ವಿನ್‌ಗೆ ಸಮುದ್ರದ ವಾಕರಿಕೆ ಬಿಡಲಿಲ್ಲ. ಹಾಗಾಗಿ ನೆಲ ಸಿಕ್ಕಲ್ಲೆಲ್ಲ ಇಳಿದು ನಡೆಯುತ್ತಿದ್ದರು.

ಗ್ಯಾಲಪಗಾಸ್ ದ್ವೀಪಗಳ ಕಥೆ ನಿಮಗೆ ಗೊತ್ತಿರುತ್ತದೆ, ಅದನ್ನು ಬಿಡೋಣ. ನಮ್ಮ ಕಥೆಗೆ ಬೇಕಾದದ್ದು ಆ ಪ್ರಯಾಣದ ಮೂರು ಸಣ್ಣ ಸಂಗತಿಗಳು.

ಮೊದಲನೆಯದು ಒಂದು ಮುಳ್ಳುಗಿಡ. ದಕ್ಷಿಣ ಅಮೆರಿಕದ ಲಾ ಪ್ಲಾಟಾ ಬಯಲಿನಲ್ಲಿ ಡಾರ್ವಿನ್ ಕುದುರೆಯ ಮೇಲೆ ಹೋಗುವಾಗ, ಯುರೋಪಿನಿಂದ ಬಂದ ಕಾರ್ಡೂನ್ ಎಂಬ ಮುಳ್ಳುಗಿಡ ನೂರಾರು ಚದರ ಮೈಲಿ ನೆಲವನ್ನು ತುಂಬಿಕೊಂಡಿರುವುದನ್ನು ಕಂಡರು. ಅಲ್ಲಿ ಬೇರೆ ಗಿಡ ಬದುಕುವಂತಿರಲಿಲ್ಲ. ನಮ್ಮಲ್ಲಿ ಲಂಟಾನ, ಪಾರ್ಥೇನಿಯಂ ಹಬ್ಬಿದ ಹಾಗೆಯೇ ಅನ್ನಿ. ಹೊರಗಿನಿಂದ ಬಂದದ್ದು ಒಳಗಿನದನ್ನು ಹೇಗೆ ತಳ್ಳಿಬಿಡುತ್ತದೆ ಎಂಬ ಪ್ರಶ್ನೆ ಅವರ ತಲೆಯಲ್ಲಿ ಉಳಿಯಿತು.

ಎರಡನೆಯದು ತಾಮ್ರ. ಬೀಗಲ್ ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆದಿತ್ತು. ಅರ್ಜೆಂಟೀನಾದ ತೀರದಲ್ಲಿ ಹಡಗು ಬಂಡೆಗೆ ತಾಗಿದ್ದರಿಂದ, 1834ರ ಏಪ್ರಿಲ್‌ನಲ್ಲಿ ಸಾಂತಾ ಕ್ರೂಸ್ ನದಿಯ ಬಾಯಿಯಲ್ಲಿ ಅದನ್ನು ದಡಕ್ಕೆ ಎಳೆದು ಮಲಗಿಸಿ ತಗಡುಗಳನ್ನು ರಿಪೇರಿ ಮಾಡಿದರು. ತಾಮ್ರ ಏಕೆ ಬೇಕಿತ್ತು? ಮರ ಕೊರೆಯುವ ಕಡಲ ಹುಳುಗಳನ್ನು ತಡೆಯುವುದರ ಜೊತೆಗೆ, ಬಾರ್ನಕಲ್‌ಗಳು ಅಂಟದಂತೆ ನೋಡಿಕೊಳ್ಳಲು. ಕರಗಿ ಬರುವ ತಾಮ್ರ ಅವಕ್ಕೆ ವಿಷ. ತಳಕ್ಕೆ ಬಾರ್ನಕಲ್ ಮುತ್ತಿದರೆ ಹಡಗು ನೀರನ್ನು ಸೀಳಿಕೊಂಡು ಹೋಗಲಾರದೆ ಎಳೆದಾಡುತ್ತದೆ. ಇಂದಿಗೂ ದೋಣಿಯನ್ನು ಮೇಲೆಳೆದು ತಳ ಕೆರೆದು ಬಣ್ಣ ಹೊಡೆಯುವ ನಮ್ಮ ಕರಾವಳಿಯ ಮೀನುಗಾರರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಡೀಸೆಲ್ ಬಿಲ್ಲೇ ಹೇಳುತ್ತದೆ.

ಮೂರನೆಯದು ಒಂದು ತೂತಾದ ಶಂಖ. 1835ರ ಜನವರಿಯಲ್ಲಿ ಚಿಲಿ ದೇಶದ ಚೋನೋಸ್ ದ್ವೀಪಗಳ ದಂಡೆಯಲ್ಲಿ ಡಾರ್ವಿನ್‌ಗೆ ಸೂಜಿಯಿಂದ ಚುಚ್ಚಿದಂತಹ ತೂತುಗಳಿರುವ ಚಿಪ್ಪೊಂದು ಸಿಕ್ಕಿತು. ಒಳಗೆ ನೋಡಿದರೆ ಎರಡು ಮೂರು ಮಿಲಿಮೀಟರಿನ ಜೀವಿ. ಲಕ್ಷಣ ಬಾರ್ನಕಲ್‌ನದು, ಆದರೆ ಬಾರ್ನಕಲ್‌ಗೆ ಇರಬೇಕಾದ ಸುಣ್ಣದ ಗೂಡೇ ಇಲ್ಲ. ಬಾಟಲಿಗೆ ಹಾಕಿ ಮನೆಗೆ ತಂದರು.

ಬಂಡೆಗೆ ತಲೆ ಅಂಟಿಸಿಕೊಂಡ ಸಿಗಡಿ

ಇಲ್ಲಿ ಸ್ವಲ್ಪ ನಿಂತು, ಬಾರ್ನಕಲ್ ಅಂದರೆ ಏನೆಂದು ನೋಡೋಣ. ಮಲ್ಪೆಯಲ್ಲೋ ಕಾರವಾರದಲ್ಲೋ ಬರಿಗಾಲಲ್ಲಿ ಬಂಡೆ ಹತ್ತಿ ಅಂಗಾಲು ಕೊಯ್ದುಕೊಂಡವರು ಇದನ್ನು ಈಗಾಗಲೇ ಭೇಟಿಯಾಗಿದ್ದಾರೆ. ಪುಟ್ಟ ಜ್ವಾಲಾಮುಖಿಯ ಆಕಾರ, ಮೇಲೆ ಬಾಗಿಲು, ಅಂಚು ಬ್ಲೇಡಿನಂತೆ. ನೋಡಿದರೆ ಕಪ್ಪೆಚಿಪ್ಪಿನ ನೆಂಟ ಅನಿಸುತ್ತದೆ. ದೊಡ್ಡ ದೊಡ್ಡ ವಿಜ್ಞಾನಿಗಳೂ ಹಾಗೇ ಅಂದುಕೊಂಡಿದ್ದರು. ಲಿನೇಯಸ್ ಮತ್ತು ಕುವಿಯೇ ಇದನ್ನು ಶಂಖ, ಚಿಪ್ಪುಗಳ ಗುಂಪಿಗೇ ಸೇರಿಸಿದ್ದರು. ಅದಕ್ಕೂ ಹಿಂದೆ, ಮಧ್ಯಯುಗದ ಯುರೋಪಿನಲ್ಲಿ ಇನ್ನೂ ಸ್ವಾರಸ್ಯದ ಸುದ್ದಿ ಓಡಾಡುತ್ತಿತ್ತು: ಕಾಂಡದಂತಹ ಕುತ್ತಿಗೆಯಿರುವ ಒಂದು ಬಗೆಯ ಬಾರ್ನಕಲ್‌ನಿಂದ ಬಾತುಕೋಳಿ ಜಾತಿಯ ಹಕ್ಕಿ ಹುಟ್ಟುತ್ತದೆ ಎಂದು. ಆ ಹಕ್ಕಿ ಗೂಡು ಕಟ್ಟುವುದು ದೂರದ ಉತ್ತರ ಧ್ರುವದ ಕಡೆ, ಹಾಗಾಗಿ ಅದರ ಮೊಟ್ಟೆಯನ್ನು ಅಲ್ಲಿಯವರು ನೋಡಿರಲಿಲ್ಲ. ಹೀಗೆ ಕಡಲಿನಲ್ಲಿ ಹುಟ್ಟಿದ್ದರಿಂದ ಅದು ಮಾಂಸವಲ್ಲ, ಉಪವಾಸದ ದಿನವೂ ತಿನ್ನಬಹುದು ಎಂದು ಕೆಲವರು ಅನುಕೂಲ ಮಾಡಿಕೊಂಡಿದ್ದರು. ಫಾರ್ವರ್ಡ್‌ಗೆ ವಾಟ್ಸ್‌ಆ್ಯಪ್ಪೇ ಬೇಕೆಂದಿಲ್ಲ.

ಗುಟ್ಟು ಒಡೆದವರು ಜಾನ್ ವಾನ್ ಥಾಂಪ್ಸನ್ ಎಂಬ ಸೇನಾ ವೈದ್ಯರು. ಐರ್ಲೆಂಡಿನ ಕಾರ್ಕ್ ಬಂದರಿನಲ್ಲಿದ್ದ ಅವರು 1830ರಲ್ಲಿ, ನೀರಿನಲ್ಲಿ ಈಜಾಡುವ ಸಣ್ಣ ಮರಿಗಳು ಒಂದು ಕಡೆ ಅಂಟಿಕೊಂಡು ಬಾರ್ನಕಲ್ ಆಗುವುದನ್ನು ಕಂಡು ಪ್ರಕಟಿಸಿದರು. ಆ ಮರಿ ಸಿಗಡಿ, ಏಡಿಗಳ ಬಳಗದ್ದು. ಅಂದರೆ ಬಾರ್ನಕಲ್ ಎಂಬುದು ಕಪ್ಪೆಚಿಪ್ಪಲ್ಲ. ಬಂಡೆಗೆ ತಲೆಯನ್ನು ಅಂಟಿಸಿಕೊಂಡು, ಸುತ್ತ ಸುಣ್ಣದ ಮನೆ ಕಟ್ಟಿ, ಕಾಲುಗಳಿಂದ ನೀರನ್ನು ಜಾಲಿಸಿ ಊಟ ಹಿಡಿಯುವ ಸಿಗಡಿಯ ದಾಯಾದಿ.

ಈ ಮರಿಯ ಬದುಕನ್ನು ತಿಳಿದರೆ ಮುಂದಿನ ಆಕ್ರಮಣದ ಕಥೆ ಅರ್ಥವಾಗುತ್ತದೆ. ಮೊಟ್ಟೆಯಿಂದ ಬಂದ ಮರಿ ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ನೀರಿನಲ್ಲಿ ತೇಲುತ್ತಾ, ಪೊರೆ ಕಳಚುತ್ತಾ ಬೆಳೆಯುತ್ತದೆ. ಕೊನೆಯ ಹಂತದಲ್ಲಿ ಅದು ತಿನ್ನುವುದನ್ನೇ ನಿಲ್ಲಿಸುತ್ತದೆ. ಆಗ ಅದರ ಒಂದೇ ಕೆಲಸ ಮನೆ ಹುಡುಕುವುದು. ಮೀಸೆಯಂತಹ ಅಂಗಗಳಿಂದ ಮೇಲ್ಮೈಯನ್ನು ಮುಟ್ಟಿ ಮುಟ್ಟಿ ನೋಡಿ, ಹಿಡಿಸಿದರೆ ಅಂಟು ಸುರಿಸಿ ಕೂತುಬಿಡುತ್ತದೆ. ಒಮ್ಮೆ ಕೂತರೆ ಜೀವನಪೂರ್ತಿ ಅಲ್ಲೇ. ಅದು ಬಂಡೆಯೋ, ಆಮೆಯೋ, ಹಡಗೋ ಎಂಬ ಭೇದ ಅದಕ್ಕಿಲ್ಲ. ಹಡಗಿನ ಮೇಲೆ ಕೂತರೆ, ತಾನು ಒಂದು ಹೆಜ್ಜೆಯೂ ನಡೆಯದೆ ಭೂಮಿಯನ್ನು ಸುತ್ತುತ್ತದೆ, ಹೋದ ಬಂದರಿನಲ್ಲೆಲ್ಲ ಮರಿ ಬಿಡುತ್ತದೆ.

ಕೆಲವು ತಿಂಗಳು ಅಂದುಕೊಂಡದ್ದು ಎಂಟು ವರ್ಷವಾಯಿತು

ಡಾರ್ವಿನ್ 1839ರಲ್ಲಿ ಸೋದರಮಾವನ ಮಗಳು ಎಮ್ಮಾಳನ್ನು ಮದುವೆಯಾದರು. 1842ರಲ್ಲಿ ಲಂಡನ್ ಬಿಟ್ಟು ಡೌನ್ ಎಂಬ ಹಳ್ಳಿಯಲ್ಲಿ ಮನೆ ಮಾಡಿದರು. ಜೀವಿಗಳು ಕಾಲಕ್ರಮೇಣ ಬದಲಾಗುತ್ತವೆ, ಆ ಬದಲಾವಣೆಯನ್ನು ನಡೆಸುವುದು ನಿಸರ್ಗದ ಆಯ್ಕೆ ಎಂಬ ವಿಚಾರವನ್ನು 1844ರಲ್ಲೇ ದೀರ್ಘ ಪ್ರಬಂಧವಾಗಿ ಬರೆದಿಟ್ಟಿದ್ದರು. ತಾವು ಹಠಾತ್ತನೆ ಸತ್ತರೆ ಅದನ್ನು ಅಚ್ಚು ಹಾಕಿಸು ಎಂದು ಹೆಂಡತಿಗೆ ಪತ್ರವನ್ನೂ ಬರೆದಿಟ್ಟಿದ್ದರು, ಖರ್ಚಿಗೆ 400 ಪೌಂಡ್ ಸಮೇತ. ಆದರೆ ಪ್ರಕಟಿಸಲಿಲ್ಲ.

1845ರಲ್ಲಿ ಗೆಳೆಯ, ಸಸ್ಯಶಾಸ್ತ್ರಜ್ಞ ಜೋಸೆಫ್ ಹೂಕರ್ ಪತ್ರವೊಂದರಲ್ಲಿ, ಹಲವು ಪ್ರಭೇದಗಳನ್ನು ಸ್ವತಃ ಕೂಲಂಕಷವಾಗಿ ವಿವರಿಸದವರಿಗೆ ಪ್ರಭೇದಗಳ ಬಗ್ಗೆ ಮಾತಾಡುವ ಅಧಿಕಾರವಿಲ್ಲ ಎಂಬರ್ಥದ ಮಾತು ಬರೆದಿದ್ದರು. ಅದು ಬೇರೊಬ್ಬರ ಬಗ್ಗೆ ಬರೆದದ್ದು, ಆದರೆ ಡಾರ್ವಿನ್‌ಗೆ ನಾಟಿತು. 1846ರ ಅಕ್ಟೋಬರ್ 1ರಂದು ಅವರು ಚಿಲಿಯಿಂದ ತಂದ ಆ ಬಾಟಲಿಯನ್ನು ತೆರೆದರು. ಕೆಲವು ತಿಂಗಳ ಕೆಲಸ ಅಂದುಕೊಂಡಿದ್ದರು.

ಗೂಡಿಲ್ಲದ ಆ ವಿಚಿತ್ರ ಬಾರ್ನಕಲ್ ಯಾವ ಗುಂಪಿಗೆ ಸೇರುತ್ತದೆ ಎಂದು ಹೇಳಬೇಕಾದರೆ ಮಿಕ್ಕ ಬಾರ್ನಕಲ್‌ಗಳು ಸರಿಯಾಗಿ ಗೊತ್ತಿರಬೇಕು. ಪುಸ್ತಕಗಳನ್ನು ತೆರೆದರೆ ಎಲ್ಲ ಗೊಂದಲ. ಒಂದೇ ಪ್ರಾಣಿಗೆ ನಾಲ್ಕು ಹೆಸರು, ನಾಲ್ಕು ಪ್ರಾಣಿಗೆ ಒಂದೇ ಹೆಸರು. ಬಾರ್ನಕಲ್‌ನ ಹೊರಗಿನ ಆಕಾರ, ಬಣ್ಣ ಜಾಗದಿಂದ ಜಾಗಕ್ಕೆ ಬದಲಾಗುವುದರಿಂದ, ಹೊರಗೆ ನೋಡಿ ಗುರುತಿಸಿದವರೆಲ್ಲ ಎಡವಿದ್ದರು. ಒಳಗೆ ಕೊಯ್ದು ನೋಡದೆ ದಾರಿಯಿಲ್ಲ. ಬ್ರಿಟಿಷ್ ಮ್ಯೂಸಿಯಂ ತನ್ನ ಇಡೀ ಸಂಗ್ರಹವನ್ನು ಅವರ ಮನೆಗೆ ಕಳಿಸಿತು. ಅಮೆರಿಕ, ಜರ್ಮನಿ, ಡೆನ್ಮಾರ್ಕ್, ಸ್ವೀಡನ್‌ನಿಂದ ಅಂಚೆಯಲ್ಲಿ ಡಬ್ಬಿಗಳು ಬರತೊಡಗಿದವು. ಡಾರ್ವಿನ್ ತಮಗೆ ಬೇಕಾದಂತೆ ಹೊಸ ಸೂಕ್ಷ್ಮದರ್ಶಕ ಮಾಡಿಸಿಕೊಂಡು, ಸೂಜಿಯ ಮೊನೆಯಷ್ಟಿದ್ದುದನ್ನು ನೀರಿನೊಳಗೇ ಕೊಯ್ಯುತ್ತಾ ಕೂತರು. ವರ್ಷಗಟ್ಟಲೆ. ಮನೆಯ ಮಕ್ಕಳಿಗೆ ಇದು ಎಷ್ಟು ಸಾಮಾನ್ಯವಾಗಿಬಿಟ್ಟಿತೆಂದರೆ, ಒಬ್ಬ ಮಗ ಪಕ್ಕದ ಮನೆಯವರ ಬಗ್ಗೆ, ಅವರು ತಮ್ಮ ಬಾರ್ನಕಲ್ ಕೆಲಸವನ್ನು ಯಾವ ಕೋಣೆಯಲ್ಲಿ ಮಾಡುತ್ತಾರೆ ಎಂದು ಕೇಳಿದನಂತೆ. ಎಲ್ಲ ಅಪ್ಪಂದಿರೂ ಮಾಡುವುದು ಇದನ್ನೇ ಎಂದು ಅವನ ಲೆಕ್ಕ.

ಕಂಡದ್ದೇನು? ಬಹುಪಾಲು ಬಾರ್ನಕಲ್‌ಗಳಲ್ಲಿ ಒಂದೇ ದೇಹದಲ್ಲಿ ಗಂಡು ಹೆಣ್ಣು ಎರಡೂ ಇರುತ್ತವೆ. ಆದರೆ 1848ರಲ್ಲಿ ಇಬ್ಲಾ ಎಂಬ ಜಾತಿಯ ಹೆಣ್ಣನ್ನು ಕೊಯ್ದಾಗ, ಅದಕ್ಕೆ ಅಂಟಿಕೊಂಡ ಹುಳುವಿನಂತಹ ಸಣ್ಣ ವಸ್ತು ಕಂಡಿತು. ಪರಾವಲಂಬಿ ಇರಬೇಕು ಅಂದುಕೊಂಡು ನೋಡಿದರೆ ಅದು ಅದೇ ಜಾತಿಯ ಗಂಡು! ಇನ್ನೊಂದು ಗುಂಪಿನಲ್ಲಿ, ಎರಡೂ ಲಿಂಗಗಳಿರುವ ಪ್ರಾಣಿಗೆ ಹೆಚ್ಚುವರಿಯಾಗಿ ಸಣ್ಣ ಗಂಡುಗಳು ಅಂಟಿಕೊಂಡಿದ್ದವು. ಒಂದೇ ದೇಹದಲ್ಲಿ ಎರಡು ಲಿಂಗ ಇರುವ ಸ್ಥಿತಿಯಿಂದ ಗಂಡು ಹೆಣ್ಣು ಬೇರೆಯಾಗುವವರೆಗಿನ ಮೆಟ್ಟಿಲುಗಳು ಅವರ ಮೇಜಿನ ಮೇಲೆ ಸಾಲಾಗಿ ಕೂತಂತಿತ್ತು. ವಿಕಾಸವಾದವನ್ನು ಆರಾಮಕುರ್ಚಿಯ ಊಹೆ ಅನ್ನುವವರಿಗೆ ನಾವು ತೋರಿಸಬೇಕಾದ ಪುಟ ಇದು. ಹಾಗೆಯೇ, ನೋಡಿದಲ್ಲೆಲ್ಲ ಒಂದೇ ಜಾತಿಯೊಳಗೆ ಅಷ್ಟಿಷ್ಟು ವ್ಯತ್ಯಾಸ ಕಂಡಿತು. ಹೆಸರು ಕೊಡುವವರಿಗೆ ಅದು ತಲೆನೋವು. ನಿಸರ್ಗದ ಆಯ್ಕೆಗೆ ಅದೇ ಕಚ್ಚಾಮಾಲು.

ತಪ್ಪೂ ಮಾಡಿದರು. ಬಾರ್ನಕಲ್‌ನ ಅಂಟು ಅಂಡಾಶಯದ ಭಾಗದಿಂದ ಬರುತ್ತದೆ ಎಂದು ನಂಬಿ ಬರೆದರು. ಆಗಸ್ಟ್ ಕ್ರೋನ್ ಎಂಬ ವಿಜ್ಞಾನಿ 1859ರಲ್ಲಿ ಅದು ತಪ್ಪೆಂದು ತೋರಿಸಿದಾಗ ಒಪ್ಪಿಕೊಂಡರು. ಡಾರ್ವಿನ್ ತಪ್ಪೊಪ್ಪಿಕೊಂಡದ್ದು ಹೌದು, ಆದರೆ ಅದು ಇಂಥದಕ್ಕೆ.

ಆ ಎಂಟು ವರ್ಷ ಸುಖದ್ದಲ್ಲ. ವಾಂತಿ, ಸುಸ್ತು, ತಲೆಸುತ್ತಿನಿಂದ ಸುಮಾರು ಎರಡು ವರ್ಷದಷ್ಟು ಕಾಲ ಕೆಲಸವೇ ಸಾಗಲಿಲ್ಲ. 1848ರ ನವೆಂಬರ್‌ನಲ್ಲಿ ತಂದೆ ತೀರಿಕೊಂಡರು. ಮರುವರ್ಷ ಮಾಲ್ವರ್ನ್ ಎಂಬಲ್ಲಿ ತಣ್ಣೀರಿನ ಚಿಕಿತ್ಸೆಗೆ ಹೋದರು; ಒದ್ದೆ ಬಟ್ಟೆ ಸುತ್ತುವುದು, ತಣ್ಣೀರು ಸುರಿಯುವುದು ಇತ್ಯಾದಿ. ಸ್ವಲ್ಪ ಗುಣ ಕಂಡಿತು, ಕಾಯಿಲೆ ಹೋಗಲಿಲ್ಲ. ಆ ನಂಬಿಕೆಯಿಂದಲೇ 1851ರಲ್ಲಿ ಕಾಯಿಲೆಬಿದ್ದ ಮಗಳು ಆ್ಯನಿಯನ್ನೂ ಅದೇ ಮಾಲ್ವರ್ನ್‌ಗೆ ಕರೆದೊಯ್ದರು. ಏಪ್ರಿಲ್ 23ರಂದು ಹತ್ತು ವರ್ಷದ ಹುಡುಗಿ ಅಲ್ಲೇ ತೀರಿಹೋದಳು. ಹೆಂಡತಿ ತುಂಬು ಗರ್ಭಿಣಿ, ಬರಲಾಗಿರಲಿಲ್ಲ. ಹಾಸಿಗೆಯ ಪಕ್ಕ ಇದ್ದದ್ದು ತಂದೆ. ಊರಿಗೆ ಮರಳಿ ಅವರು ಮತ್ತೆ ಬಾರ್ನಕಲ್‌ಗಳ ಮುಂದೆ ಕೂತರು.

1851 ಮತ್ತು 1854ರ ನಡುವೆ ಬದುಕಿರುವ ಬಾರ್ನಕಲ್‌ಗಳ ಮೇಲೆ ಎರಡು ದೊಡ್ಡ ಸಂಪುಟ, ಕಲ್ಲಾದ ಪಳೆಯುಳಿಕೆಗಳ ಮೇಲೆ ಎರಡು ಸಣ್ಣ ಸಂಪುಟ ಹೊರಬಂದವು. 1853ರಲ್ಲಿ ರಾಯಲ್ ಸೊಸೈಟಿಯ ಪದಕ ಬಂತು. 1854ರ ಸೆಪ್ಟೆಂಬರ್‌ನಲ್ಲಿ ಡಾರ್ವಿನ್ ಬಾರ್ನಕಲ್‌ಗಳನ್ನೆಲ್ಲ ಕಟ್ಟಿ ವಾಪಸು ಕಳಿಸಿದರು. ಅಷ್ಟರಲ್ಲಿ ಅವರಿಗೆ ಆ ಪ್ರಾಣಿಯ ಮೇಲೆ ಹೇಸಿಗೆಯೇ ಬಂದಿತ್ತು. ಇಷ್ಟು ಸಮಯ ಕೊಡಬೇಕಿತ್ತೇ ಎಂದು ಕೊನೆಗಾಲದಲ್ಲೂ ಅವರಿಗೆ ಅನುಮಾನವಿತ್ತು. ಕೊಟ್ಟದ್ದು ಒಳ್ಳೆಯದಾಯಿತು ಎಂದು ನಾವು ಹೇಳಲು ಕಾರಣ ಮುಂದಿದೆ.

ಯಾರೂ ಕರೆಯದ ಅತಿಥಿಗಳು

1854ರ ಸಂಪುಟದಲ್ಲಿ ಡಾರ್ವಿನ್ ಪ್ರತಿ ಪ್ರಭೇದದ ಜೊತೆ ಅದು ಎಲ್ಲಿ ಸಿಗುತ್ತದೆ ಎಂದೂ ಬರೆದರು. ಹಡಗಿನ ತಳದಿಂದ ಕೆರೆದು ತೆಗೆದ ಮಾದರಿಗಳೂ ಅವರ ಕೈಗೆ ಬಂದಿದ್ದವು. ಕೆಲವು ಜಾತಿಗಳು ಹಡಗುಗಳ ಮೇಲೆ ತೀರಾ ಸಾಮಾನ್ಯ ಎಂದು ದಾಖಲಿಸಿದರು. ಅದೇ ಪುಸ್ತಕದಲ್ಲಿ ಎಲ್ಮಿನಿಯಸ್ ಮಾಡೆಸ್ಟಸ್ ಎಂಬ ಸಣ್ಣ, ಸಾಧಾರಣ ಬಾರ್ನಕಲ್‌ಗೆ ಹೆಸರಿಟ್ಟರು. ಊರು ಆಸ್ಟ್ರೇಲಿಯಾ, ಟಾಸ್ಮೇನಿಯಾ, ನ್ಯೂಜಿಲೆಂಡ್. ಗೂಡಿನ ಗೋಡೆಗೆ ನಾಲ್ಕು ತಟ್ಟೆ. ಅಷ್ಟೇ, ಯಾರೂ ಗಮನಿಸದ ಪುಟ.

ತೊಂಬತ್ತು ವರ್ಷ ಕಳೆಯಿತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ, ಇಂಗ್ಲೆಂಡಿನ ದಕ್ಷಿಣ ತೀರದ ಚಿಚೆಸ್ಟರ್ ಬಂದರಿನಲ್ಲಿ ಹೊಸ ಬಾರ್ನಕಲ್ ಕಾಣಿಸಿಕೊಂಡಿತು. ಅಲ್ಲಿನ ಬಂಡೆಗಳ ಸಾಮಾನ್ಯ ಬಾರ್ನಕಲ್‌ಗಳಿಗೆ ಆರು ತಟ್ಟೆ, ಇದಕ್ಕೆ ನಾಲ್ಕೇ. ಡಾರ್ವಿನ್‌ರ ವಿವರಣೆ ಇದ್ದುದರಿಂದ ಗುರುತು ಹತ್ತಿತು: ಇದು ಭೂಮಿಯ ಇನ್ನೊಂದು ಬದಿಯ ಎಲ್ಮಿನಿಯಸ್ ಮಾಡೆಸ್ಟಸ್. 1947ರಲ್ಲಿ ನೇಚರ್ ಪತ್ರಿಕೆಯಲ್ಲಿ ವರದಿಯಾಯಿತು. ಯುದ್ಧದ ಕಾಲದ ಹಡಗುಗಳ ತಳಕ್ಕೆ ಅಂಟಿಕೊಂಡು ಬಂದಿರಬೇಕು ಎಂಬುದು ಹೆಚ್ಚಿನವರ ಅಭಿಪ್ರಾಯ.

ಸ್ಥಳೀಯ ಬಾರ್ನಕಲ್ ವರ್ಷಕ್ಕೊಮ್ಮೆ ಮರಿ ಬಿಟ್ಟರೆ, ಈ ಅತಿಥಿ ವರ್ಷದ ಬಹುಪಾಲು ಮರಿ ಬಿಡುತ್ತಲೇ ಇರುತ್ತದೆ. ನದಿ ಸೇರುವಲ್ಲಿನ ಸಪ್ಪೆ ನೀರು, ಕೆಸರು ನೀರು ಇದಕ್ಕೆ ಲೆಕ್ಕಕ್ಕಿಲ್ಲ. 1946ಕ್ಕೇ ನೆದರ್ಲೆಂಡ್ಸ್ ತಲುಪಿತ್ತು, 1950ರ ದಶಕದಲ್ಲಿ ಫ್ರಾನ್ಸ್, ಜರ್ಮನಿ, ಐರ್ಲೆಂಡ್. ಡೆನ್ನಿಸ್ ಕ್ರಿಸ್ಪ್ ಎಂಬ ವಿಜ್ಞಾನಿ ಈ ಹರಡುವಿಕೆಯನ್ನು ಊರೂರು ಗುರುತು ಹಾಕಿ 1958ರಲ್ಲಿ ಪ್ರಕಟಿಸಿದರು. ನೀರಿನ ಹರಿವಿನಲ್ಲಿ ತಾನಾಗಿ ಸಾಗಿದರೆ ವರ್ಷಕ್ಕೆ ಸುಮಾರು 20ರಿಂದ 30 ಕಿಲೋಮೀಟರ್. ಹಡಗು ಹತ್ತಿದರೆ ಒಂದೇ ನೆಗೆತಕ್ಕೆ ನೂರಾರು ಕಿಲೋಮೀಟರ್. ನಷ್ಟವಾದದ್ದು ಸಿಂಪಿ ಬೆಳೆಯುವವರಿಗೆ. ಸಿಂಪಿಯ ಮರಿಗಳು ಅಂಟಿಕೊಳ್ಳಲೆಂದು ಹಾಕಿದ ಚಿಪ್ಪುಗಳ ಮೇಲೆಲ್ಲ ಮೊದಲೇ ಇದು ಕೂತಿರುತ್ತಿತ್ತು.

ಡಾರ್ವಿನ್ ಅದೇ ವರ್ಷ ಹೆಸರಿಟ್ಟ ಇನ್ನೊಂದು, ಬಲಾನಸ್ ಇಂಪ್ರೊವೈಸಸ್. ಲ್ಯಾಟಿನ್‌ನಲ್ಲಿ ಆ ಪದಕ್ಕೆ ಅನಿರೀಕ್ಷಿತ ಎಂದರ್ಥ. ಅಟ್ಲಾಂಟಿಕ್‌ನ ಅಮೆರಿಕ ತೀರದ್ದೆಂದು ಭಾವಿಸಲಾಗುವ ಇದು 1844ರಲ್ಲೇ ಬಾಲ್ಟಿಕ್ ಸಮುದ್ರದಲ್ಲಿ ಕಾಣಿಸಿಕೊಂಡಿತ್ತು, ಹೆಸರು ಸಿಗುವ ಹತ್ತು ವರ್ಷ ಮೊದಲೇ. ರಷ್ಯಾದಲ್ಲಿ ವೋಲ್ಗಾ ಮತ್ತು ಡಾನ್ ನದಿಗಳನ್ನು ಜೋಡಿಸುವ ಕಾಲುವೆ 1952ರಲ್ಲಿ ತೆರೆದ ಮೇಲೆ, ಸುತ್ತಲೂ ನೆಲವೇ ಇರುವ ಕ್ಯಾಸ್ಪಿಯನ್ ಸಮುದ್ರಕ್ಕೂ ಇದು ಹೋಗಿ ಸೇರಿತು.

ನಮ್ಮನ್ನು ಹೆಚ್ಚು ಕಾಡಿದ್ದು ಮೂರನೆಯದು. ಬಲಾನಸ್ ಗ್ಲಾಂಡ್ಯುಲಾ, ಇದಕ್ಕೂ ಹೆಸರಿಟ್ಟವರು ಡಾರ್ವಿನ್, ಇದೂ 1854ರಲ್ಲೇ. ಊರು ಉತ್ತರ ಅಮೆರಿಕದ ಪೆಸಿಫಿಕ್ ತೀರ. 1970ರ ದಶಕದಲ್ಲಿ ಇದು ಅರ್ಜೆಂಟೀನಾದ ಮಾರ್ ದೆಲ್ ಪ್ಲಾಟಾ ಬಂದರಿಗೆ ಬಂತು. ಅರ್ಜೆಂಟೀನಾದ ಬಂಡೆಗಳ ಮೇಲ್ಭಾಗದಲ್ಲಿ, ಉಬ್ಬರವಿಳಿತದ ಪಟ್ಟಿಯಲ್ಲಿ, ಅದಕ್ಕೂ ಮೊದಲು ಬಾರ್ನಕಲ್ ಇರಲೇ ಇಲ್ಲ. ಈಗ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ, ದಕ್ಷಿಣದ ಪ್ಯಾಟಗೋನಿಯಾದ ಉದ್ದಕ್ಕೂ ಬಿಳಿ ಪಟ್ಟಿಯಾಗಿ ಹಬ್ಬಿದೆ. 1833-34ರಲ್ಲಿ ಯುವಕ ಡಾರ್ವಿನ್ ಇಳಿದು ನಡೆದ ತೀರ ಇದೇ. ಅವರು ಕಂಡ ಬಂಡೆಗಳ ಬಣ್ಣ ಈಗ ಅಲ್ಲಿಲ್ಲ.

ಇದೇ ಪ್ರಾಣಿ ಜಪಾನಿಗೂ ಹೋಯಿತು, ದಕ್ಷಿಣ ಆಫ್ರಿಕಾಕ್ಕೂ ಹೋಯಿತು. ಆಫ್ರಿಕಾದಲ್ಲಿ ಪತ್ತೆಯಾಗಿ ವರದಿಯಾದದ್ದು 2008ರಲ್ಲಿ. ಆದರೆ ಹಳೆಯ ಫೋಟೊಗಳನ್ನು ತೆಗೆದು ನೋಡಿದಾಗ 1992ರ ಫೋಟೊದಲ್ಲೇ ಅದು ಕೂತಿತ್ತು! ಸ್ಥಳೀಯ ಬಾರ್ನಕಲ್ ಅಂದುಕೊಂಡು ಎಲ್ಲರೂ ಮುಂದೆ ಹೋಗಿದ್ದರು. ಅಷ್ಟರಲ್ಲಿ ನೂರಾರು ಕಿಲೋಮೀಟರ್ ತೀರ ಅದರದ್ದಾಗಿತ್ತು. ಹದಿನಾರು ವರ್ಷ ಕಣ್ಣೆದುರಿಗಿದ್ದೂ ಕಾಣಲಿಲ್ಲ, ಏಕೆಂದರೆ ಒಂದನ್ನು ಕಿತ್ತು ಹತ್ತಿರದಿಂದ ನೋಡಿದವರಿರಲಿಲ್ಲ. ಕಡಲಿನಲ್ಲಿ ಒಮ್ಮೆ ನೆಲೆಯಾದ ಪ್ರಾಣಿಯನ್ನು ಹೊರಹಾಕುವುದು ಬಹುತೇಕ ಅಸಾಧ್ಯ. ಏನಾದರೂ ಮಾಡಬಹುದಾದರೆ ಅದು ಮೊದಲ ಕೆಲವು ತಿಂಗಳಲ್ಲಿ, ಯಾರಾದರೂ ಗುರುತಿಸಿದರೆ ಮಾತ್ರ.

ಹಡಗಿನ ತಳಕ್ಕೆ ಅಂಟುವುದೊಂದೇ ಈಗ ದಾರಿಯಲ್ಲ. ಸರಕಿಲ್ಲದ ಹಡಗು ಅಲುಗಾಡದಿರಲು ಒಂದು ಬಂದರಿನಲ್ಲಿ ನೀರು ತುಂಬಿಕೊಂಡು ಇನ್ನೊಂದು ಬಂದರಿನಲ್ಲಿ ಬಿಡುತ್ತದೆ. ಬ್ಯಾಲಾಸ್ಟ್ ನೀರು ಅನ್ನುವುದು ಇದನ್ನೇ. ಅದರಲ್ಲಿ ಸಿಗಡಿ, ಏಡಿ, ಬಾರ್ನಕಲ್‌ಗಳ ಕಣ್ಣಿಗೆ ಕಾಣದ ಮರಿಗಳು ಸವಾರಿ ಮಾಡುತ್ತವೆ. ಇದನ್ನು ನಿಯಂತ್ರಿಸುವ ಅಂತಾರಾಷ್ಟ್ರೀಯ ಒಪ್ಪಂದ 2004ರಲ್ಲಿ ಆಗಿ, ಜಾರಿಗೆ ಬಂದದ್ದು 2017ರ ಸೆಪ್ಟೆಂಬರ್‌ನಲ್ಲಿ. ನಮ್ಮ ಪಕ್ಕದ ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಲ್ಲಿ ಬ್ಯಾಲಾಸ್ಟ್ ನೀರಿನ ಬಗ್ಗೆಯೂ ಬಾರ್ನಕಲ್ ಮರಿಗಳ ಬಗ್ಗೆಯೂ ಅಧ್ಯಯನ ನಡೆದಿದೆ. ಅಲ್ಲಿ ಹೆಚ್ಚಾಗಿ ಪರೀಕ್ಷೆಗೆ ಬಳಸಿದ್ದು ಭಾರತದ ಬಂದರುಗಳಲ್ಲಿ ಸಾಮಾನ್ಯವಾದ ಆ್ಯಂಫಿಟ್ರೈಟಿ ಎಂಬ ಬಾರ್ನಕಲ್. ಆ ಹೆಸರೂ ಡಾರ್ವಿನ್‌ರ 1854ರ ಪುಸ್ತಕದ್ದೇ.

ಬಲಶಾಲಿ ಗೆಲ್ಲುತ್ತಾನೆ ಅಂದರೇ?

ಇಂತಹ ಸುದ್ದಿ ಹಾಕಿದಾಗಲೆಲ್ಲ ನಮಗೆ ಒಂದು ಪ್ರತಿಕ್ರಿಯೆ ಬರುತ್ತದೆ. ಬಲಶಾಲಿ ಉಳಿಯುತ್ತಾನೆ ಎಂದು ಡಾರ್ವಿನ್ನೇ ಹೇಳಿಲ್ಲವೇ, ಹೊಸದು ಗೆದ್ದರೆ ಗೆಲ್ಲಲಿ, ನಿಮಗೇಕೆ ಚಿಂತೆ ಎಂದು. ಆ ನುಡಿಗಟ್ಟನ್ನು ಹುಟ್ಟಿಸಿದ್ದು ಹರ್ಬರ್ಟ್ ಸ್ಪೆನ್ಸರ್. ಡಾರ್ವಿನ್ ಅದನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಂಡದ್ದು 1869ರ ಐದನೇ ಆವೃತ್ತಿಯಲ್ಲಿ. ಅದರ ಅರ್ಥವೂ ಬಲಶಾಲಿ ಎಂದಲ್ಲ, ಆ ಜಾಗಕ್ಕೆ, ಆ ಹೊತ್ತಿಗೆ ಹೊಂದುವವನು ಎಂದು. ನ್ಯೂಜಿಲೆಂಡಿನ ಸ್ಥಳೀಯ ಜೀವಿಗಳು ಯುರೋಪಿನಿಂದ ಬಂದವುಗಳ ಮುಂದೆ ಸೋಲುತ್ತಿರುವುದನ್ನು ಡಾರ್ವಿನ್ ಗಮನಿಸಿ ಬರೆದಿದ್ದಾರೆ. ಯಾವ ಊರಿನ ಜೀವಿಯೂ ತನ್ನ ಊರಿಗೇ ಪರಿಪೂರ್ಣವಾಗಿ ಹೊಂದಿಕೊಂಡಿರುವುದಿಲ್ಲ ಎಂಬುದಕ್ಕೆ ಅದು ಅವರಿಗೆ ಸಾಕ್ಷಿ. ಹೀಗೆ ಆಗುತ್ತದೆ ಅನ್ನುವುದು ವಿಜ್ಞಾನ. ಹಾಗಾಗಿ ಆಗಲಿ ಬಿಡಿ ಅನ್ನುವುದು ನಮ್ಮ ಸೋಮಾರಿತನ. ಕಾಲರಾ ಹೇಗೆ ಹರಡುತ್ತದೆ ಎಂದು ವಿವರಿಸಿದವರು ಕಾಲರಾ ಹರಡಲಿ ಎಂದಂತಲ್ಲವಲ್ಲ.

ಜೀವಿಗಳು ಸಮುದ್ರ ದಾಟುವುದು ಹೇಗೆ ಎಂಬ ಪ್ರಶ್ನೆಯನ್ನಂತೂ ಬಾರ್ನಕಲ್ ಮುಗಿದ ಕೂಡಲೇ ಅವರು ಹಿಡಿದರು. 87 ಬಗೆಯ ಬೀಜಗಳನ್ನು ಉಪ್ಪುನೀರಿನಲ್ಲಿ ನೆನೆಹಾಕಿದರು. 28 ದಿನದ ನಂತರವೂ 64 ಬಗೆ ಮೊಳೆತವು, ಕೆಲವು 137 ದಿನ ತಡೆದವು. ಬಾತುಕೋಳಿಯ ಪಾದವನ್ನು ನೀರಿನ ತೊಟ್ಟಿಯಲ್ಲಿ ಇಳಿಬಿಟ್ಟು ಅದಕ್ಕೆ ಎಷ್ಟು ಮರಿಬಸವನಹುಳು ಹತ್ತುತ್ತವೆ ಎಂದು ಎಣಿಸಿದರು. ಗಾಳಿ, ಅಲೆ, ಹಕ್ಕಿಯ ಕಾಲು ಸಾವಿರಾರು ವರ್ಷಗಳಲ್ಲಿ ಅಪರೂಪಕ್ಕೊಮ್ಮೆ ದಾಟಿಸುತ್ತಿದ್ದುದನ್ನು ಇಂದು ಹಡಗು ದಿನವೂ ದಾಟಿಸುತ್ತಿದೆ.

1858ರಲ್ಲಿ ಆಲ್ಫ್ರೆಡ್ ವ್ಯಾಲೇಸ್ ತಮ್ಮದೇ ದಾರಿಯಲ್ಲಿ ಅದೇ ವಿಚಾರಕ್ಕೆ ಬಂದು ಪತ್ರ ಬರೆದಾಗ ಡಾರ್ವಿನ್ ಅವಸರಪಡಬೇಕಾಯಿತು. 1859ರ ನವೆಂಬರ್ 24ರಂದು ಪ್ರಭೇದಗಳ ಹುಟ್ಟಿನ ಬಗೆಗಿನ ಪುಸ್ತಕ ಬಂತು. ಮನುಷ್ಯನ ಬಗ್ಗೆ ಬರೆದದ್ದು 1871ರಲ್ಲಿ. ಅಲ್ಲಿಯೂ ಇಂದಿನ ಕೋತಿ ಮನುಷ್ಯನಾಯಿತು ಎಂದಿಲ್ಲ, ಇಬ್ಬರಿಗೂ ಒಂದೇ ಪೂರ್ವಜ ಎಂದಿದೆ. 1882ರ ಏಪ್ರಿಲ್ 19ರಂದು ಡೌನ್ ಮನೆಯಲ್ಲಿ ತೀರಿಕೊಂಡರು. ಹಾಸಿಗೆಯಲ್ಲಿ ಪಶ್ಚಾತ್ತಾಪಪಟ್ಟರು ಎಂಬ ಕಥೆ ಶುರುವಾದದ್ದು 33 ವರ್ಷಗಳ ನಂತರ, 1915ರಲ್ಲಿ ಲೇಡಿ ಹೋಪ್ ಎಂಬ ಮಹಿಳೆಯ ಹೆಸರಿನಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ. ಸಾವಿನ ಹೊತ್ತಿಗೆ ಪಕ್ಕದಲ್ಲೇ ಇದ್ದ ಮಗಳು ಹೆನ್ರಿಯೆಟಾ 1922ರಲ್ಲಿ, ಆ ಮಹಿಳೆ ಕೊನೆಯ ಕಾಯಿಲೆಯ ಸಮಯದಲ್ಲಿ ಅಲ್ಲಿ ಇರಲೇ ಇಲ್ಲ ಎಂದು ಬರೆದು ತಿಳಿಸಿದರು. ಫಾರ್ವರ್ಡ್ ಮಾತ್ರ ನಿಂತಿಲ್ಲ.

ಉಳಿದದ್ದು ಹಡಗಿನ ಕಥೆ. ಪ್ರಯಾಣಗಳೆಲ್ಲ ಮುಗಿದ ಮೇಲೆ ಬೀಗಲ್ ಅನ್ನು ಕಳ್ಳಸಾಗಣೆ ಕಾಯಲು ಎಸೆಕ್ಸ್‌ನ ರೋಚ್ ನದಿಯಲ್ಲಿ ಲಂಗರು ಹಾಕಿದರು. ನಮ್ಮ ಸಿಂಪಿ ತೋಟಗಳಿಗೆ ಅಡ್ಡ ಬರುತ್ತಿದೆ ಎಂದು ಅಲ್ಲಿನವರು 1851ರಲ್ಲಿ ಅರ್ಜಿ ಕೊಟ್ಟ ಮೇಲೆ ಅದನ್ನು ದಡದ ಕೆಸರಿಗೆ ಸರಿಸಿದರು. 1870ರಲ್ಲಿ ಗುಜರಿಗೆ ಮಾರಿದರು. ಡಾರ್ವಿನ್ ಹೆಸರಿಟ್ಟ ನಾಲ್ಕು ತಟ್ಟೆಯ ಬಾರ್ನಕಲ್ ಎಸೆಕ್ಸ್‌ನ ಸಿಂಪಿ ತೋಟಗಳಿಗೆ ಪಿಡುಗಾಗಿ ಬಂದಿದೆ ಎಂದು ವರದಿಯಾದದ್ದು 1948ರಲ್ಲಿ. ಇತ್ತೀಚೆಗೆ ಅದರ ಮೊದಲ ಹೆಸರನ್ನು ಆಸ್ಟ್ರೋಮಿನಿಯಸ್ ಎಂದು ಬದಲಿಸಿದ್ದಾರೆ. ಹೆಸರಿನ ಹಿಂದೆ ಬರೆಯುವ ಡಾರ್ವಿನ್, 1854 ಎಂಬುದು ಮಾತ್ರ ಹಾಗೇ ಇದೆ.